ಕೋವಿ ಇರುವ ಮನೆಯಲ್ಲಿ ಮಕ್ಕಳು ಕಲಿಯುವ ಕ್ರಮ

ಕೊಡಗಿನ ಮನೆಗಳಲ್ಲಿ ಕೋವಿಯ ಪಾಠ ಶುರುವಾಗುವುದು ಒರೆಸುವ ಬಟ್ಟೆಯಿಂದ. ಆಗಸ್ಟ್ ಕೊನೆಯ ಹೊತ್ತಿಗೆ ನಾಟಿ ಮುಗಿದು ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ಹತ್ತಿರ ಬಂದಾಗ, ದೇವರ ಕೋಣೆಯಾದ ಕನ್ನಿಕೊಂಬರೆಯಲ್ಲಿ ಇಟ್ಟಿದ್ದ ಕೋವಿಗಳನ್ನು ಹೊರಗೆ ತಂದು, ಜಗಲಿಯಲ್ಲಿ ಗೋಣಿಚೀಲ ಹಾಸಿ ಬಿಚ್ಚುತ್ತಾರೆ. ಏಳೆಂಟು ವರ್ಷದ ಮಕ್ಕಳಿಗೂ ಅಲ್ಲಿ ಕೆಲಸವಿದೆ. ಹಳೆಯ ಹತ್ತಿಬಟ್ಟೆಯನ್ನು ಎರಡು ಇಂಚು ಚೌಕದ ತುಂಡುಗಳಾಗಿ ಕತ್ತರಿಸಿ ಕೊಡಬೇಕು, ಬಳಸಿ ಕಪ್ಪಾದ ತುಂಡುಗಳನ್ನು ಬೇರೆ ಇಡಬೇಕು. ಈಡು, ಅಂದರೆ ಗುಂಡು, ಹೊಡೆಯುವ ವಯಸ್ಸು ಬರುವಷ್ಟರಲ್ಲಿ ಆ ಮಗು ಕೋವಿಯ ಒಳಹೊರಗನ್ನು ಹಲವು ವರ್ಷ ನೋಡಿರುತ್ತದೆ. ಮೊದಲು ಖುಷಿಗೆಂದು ಈಡು ಹೊಡೆಸಿ, ಉಳಿದದ್ದನ್ನು ಆಮೇಲೆ ಹೇಳಿಕೊಡೋಣ ಎನ್ನುವ ಮನೆಗಳಲ್ಲಿ ಆ ‘ಆಮೇಲೆ’ ಬರುವುದೇ ಇಲ್ಲ. ಜವಾಬ್ದಾರಿ ಎನ್ನುವುದು ಉಪದೇಶದಿಂದ ಬರುವಂಥದ್ದಲ್ಲ, ಕೆಲಸಗಳ ಈ ಕ್ರಮದಿಂದ ಬರುತ್ತದೆ ಎಂದು ನಂಬಿ ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ ತಿಳಿಯದವರಿಗಾಗಿ ಎರಡು ಮಾತು. ಕೊಡಗಿನವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಸಿಕ್ಕಿದ್ದು ಬ್ರಿಟಿಷರ ಕಾಲದಲ್ಲಿ, 1861ರಲ್ಲಿ, ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದಾಗ. ಸ್ವಾತಂತ್ರ್ಯದ ನಂತರ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯಲ್ಲೂ ಅದು ಮುಂದುವರಿಯಿತು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇದು ಅನ್ವಯಿಸುತ್ತದೆ. 2019ರ ಅಕ್ಟೋಬರಿನಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ವಜಾ ಮಾಡಿತು. ಜಿಲ್ಲೆಯ ಹೊರಗೆ ಒಯ್ಯುವುದಕ್ಕೆ ಮಿತಿಯಿದೆ: ಒಂದು ರೈಫಲ್ ಮತ್ತು ಅದಕ್ಕೆ 100 ಗುಂಡು, ಒಂದು ಚರೆ (ಸಣ್ಣ ಗುಂಡುಗಳ) ಕೋವಿ ಮತ್ತು ಅದಕ್ಕೆ 500 ತೋಟೆ (ಕಾರ್ಟ್ರಿಜ್). ಪಕ್ಕದ ಚಿಕ್ಕಮಗಳೂರು, ಹಾಸನ, ಶಿವಮೊಗ್ಗದ ಮಲೆನಾಡಿನವರು ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದೇ ಕೋವಿ ಇಟ್ಟುಕೊಳ್ಳುತ್ತಾರೆ. ಮುಂದೆ ಹೇಳುವ ಸುರಕ್ಷತೆಯ ಮಾತೆಲ್ಲ ಇಬ್ಬರಿಗೂ ಒಂದೇ. ನಮಗೆ ಇರುವುದು ಲೈಸೆನ್ಸಿನಿಂದ ವಿನಾಯಿತಿ ಮಾತ್ರ. ಉಳಿದ ಯಾವ ಕಾನೂನಿನಿಂದಲೂ ವಿನಾಯಿತಿ ಇಲ್ಲ.

ಸಂಪ್ರದಾಯದಲ್ಲೇ ಒಂದು ಶಿಸ್ತು ಅಡಗಿದೆ. ಗದ್ದೆ ಕೆಲಸದ ತಿಂಗಳುಗಳಲ್ಲಿ ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲವೂ ಕನ್ನಿಕೊಂಬರೆ ಸೇರುತ್ತವೆ. ಕೈಲ್‌ಪೊಳ್ದ್ ದಿನ ಅವನ್ನು ತೊಳೆದು ಒರೆಸಿ, ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿಟ್ಟು, ತೋಕ್‌ಪೂ ಎಂಬ ಕೋವಿಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ಮನೆಯ ಹಿರಿಯರು ಕೋವಿಯನ್ನು ಕೈಗೆ ಕೊಡುತ್ತಾರೆ. ತಾನೇ ಹೋಗಿ ಎತ್ತಿಕೊಳ್ಳುವ ಪದ್ಧತಿ ಇಲ್ಲ. ಕೋವಿ ಒಕ್ಕದ್ದು (ಇಡೀ ಮನೆತನದ್ದು), ಅದನ್ನು ಇನ್ನೊಬ್ಬರು ಕೊಟ್ಟರೆ ಮಾತ್ರ ಹಿಡಿಯಬೇಕು ಎನ್ನುವುದನ್ನು ಮಕ್ಕಳು ಯಾರೂ ಹೇಳದೆಯೇ ಅಲ್ಲಿ ನೋಡಿ ಕಲಿಯುತ್ತಾರೆ. ವರ್ಷದ ಉಳಿದ ದಿನಗಳಲ್ಲೂ ಇದನ್ನೇ ಪಾಲಿಸಿದರೆ ಅರ್ಧ ಕೆಲಸ ಮುಗಿದಂತೆ.

ಮೊದಲ ಪಾಠ ತೆರೆದು ನೋಡುವುದು. ಜೋಡಿನಳಿಗೆಯ ತೋಟೆ ಕೋವಿಯಾದರೆ ಬಾಯಿಯನ್ನು ನೆಲದ ಕಡೆ ಇಟ್ಟು, ಬೆರಳನ್ನು ಟ್ರಿಗರಿನ ಕಾಪಿನಿಂದ ಹೊರಗಿಟ್ಟು, ಮೇಲಿನ ಸನ್ನೆಯನ್ನು ಬಲಕ್ಕೆ ತಳ್ಳಬೇಕು. ನಳಿಗೆ ಮಡಚಿಕೊಳ್ಳುತ್ತದೆ. ಎರಡೂ ನಳಿಗೆಯ ಹಿಂಬದಿಯನ್ನು ಕಣ್ಣಿನಿಂದ ನೋಡಿ, ಕಿರುಬೆರಳು ಹಾಕಿ ಮುಟ್ಟಿಯೂ ನೋಡಬೇಕು. ಹೊರಗೆ ಕುದುರೆ (ಬಡಿಯುವ ಸುತ್ತಿಗೆ) ಇರುವ ಹಳೆಯ ಕೋವಿಯಾದರೆ ತೆರೆಯುವ ಮೊದಲೇ ಕುದುರೆಗಳು ಇಳಿದಿವೆಯೇ ಎಂದು ನೋಡಿಕೊಳ್ಳಬೇಕು. ಇನ್ನೊಬ್ಬರಿಗೆ ಕೊಡುವಾಗ ತೆರೆದೇ ಕೊಡಬೇಕು. ತೆಗೆದುಕೊಳ್ಳುವವರು, ಈಗಷ್ಟೇ ಪಕ್ಕದಲ್ಲಿ ನಿಂತು ನೋಡಿದ್ದರೂ, ತಾವೇ ಇನ್ನೊಮ್ಮೆ ನೋಡಬೇಕು. ‘ಖಾಲಿ ಇದೆ’ ಎಂದು ಯಾರೇ ಹೇಳಲಿ, ಅಪ್ಪನೇ ಹೇಳಲಿ, ನೋಡದೆ ನಂಬಬಾರದು. ಹಿರಿಯರ ಮಾತು ನಂಬದಿರುವುದು ಅಗೌರವ ಎಂದು ಮಕ್ಕಳಿಗೆ ಅನ್ನಿಸದ ಹಾಗೆ ನೋಡಿಕೊಳ್ಳುವುದು ದೊಡ್ಡವರ ಕೆಲಸ. ಮಗು ತೆರೆದು ನೋಡಿದಾಗ ‘ನನ್ನ ಮೇಲೆ ನಂಬಿಕೆ ಇಲ್ಲವಾ?’ ಎಂದು ನಗೆಯಾಡುವ ದೊಡ್ಡಪ್ಪ ಆ ಮಗುವಿಗೆ ದೊಡ್ಡ ಅನ್ಯಾಯ ಮಾಡುತ್ತಾರೆ.

ಸೇಫ್ಟಿ ಗುಂಡಿಯ ಮೇಲೂ ಇಂಥದೇ ಅತಿ ನಂಬಿಕೆ ಇದೆ. ಸಾಮಾನ್ಯ ಜೋಡಿನಳಿಗೆಯಲ್ಲಿ ಆ ಗುಂಡಿ ತಡೆಯುವುದು ಟ್ರಿಗರನ್ನು ಮಾತ್ರ. ಒಳಗಿನ ಕುದುರೆ ಎಳೆದ ಸ್ಥಿತಿಯಲ್ಲೇ ಕೊಕ್ಕೆಗೆ ಸಿಕ್ಕಿ ನಿಂತಿರುತ್ತದೆ. ಆ ಕೊಕ್ಕೆ ಸವೆದಿದ್ದರೆ, ಕೋವಿ ಕೈಜಾರಿ ಕಲ್ಲಿನ ಮೇಲೆ ಬಿದ್ದ ಹೊಡೆತಕ್ಕೆ ಸೇಫ್ಟಿ ಹಾಕಿದ್ದರೂ ಈಡು ಹಾರಬಹುದು.

ಕೇಪಿನ ಕೋವಿಯನ್ನು ಹೀಗೆ ತೆರೆದು ನೋಡಲು ಬರುವುದಿಲ್ಲ. ಅದು ಬಾಯಿಯಿಂದ ತುಂಬುವಂಥದ್ದು. ಮದ್ದಿಗೆ ಕಿಡಿ ಕೊಡುವ ಕೇಪ್ ಇಲ್ಲದಿದ್ದ ಮಾತ್ರಕ್ಕೆ ಖಾಲಿ ಎಂದುಕೊಳ್ಳುವುದೇ ಇದರಲ್ಲಿ ಆಗುವ ದೊಡ್ಡ ತಪ್ಪು. ಒಳಗೆ ಒಣಗಿ ಕೂತ ಕರಿಮದ್ದು ಎಷ್ಟೋ ವರ್ಷಗಳ ನಂತರವೂ ಹೊತ್ತಿಕೊಳ್ಳುತ್ತದೆ. ನೋಡಲು ಇರುವ ದಾರಿ ಗಜ, ಅಂದರೆ ನಳಿಗೆಗೆ ಇಳಿಸುವ ಉದ್ದ ಕೋಲು. ನಳಿಗೆ ಖಾಲಿ ಎಂದು ಖಚಿತವಿರುವಾಗ ಗಜವನ್ನು ಬಾಯಿಯಿಂದ ತಳದವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗಜದ ಮೇಲೆ ಒಂದು ಗೆರೆ ಕೊರೆದಿಡಬೇಕು. ಮುಂದೆ ಯಾವಾಗ ಇಳಿಸಿದರೂ ಆ ಗೆರೆ ಬಾಯಿಯ ಮಟ್ಟಕ್ಕೇ ಬರಬೇಕು. ಎರಡು ಮೂರು ಇಂಚು ಮೇಲೆ ನಿಂತರೆ ಒಳಗೆ ಈಡು, ಅಂದರೆ ತುಂಬಿದ ಮದ್ದುಗುಂಡು, ಇದೆ. ಇನ್ನೂ ಮೇಲೆ ನಿಂತರೆ ಒಂದರ ಮೇಲೊಂದು ಎರಡು ಈಡು ಕೂತಿರಬಹುದು. ಹೊತ್ತಿಕೊಳ್ಳದ ಈಡನ್ನು ಮರೆತು ಮೇಲೆ ಮತ್ತೊಂದು ತುಂಬಿದಾಗ ಹೀಗಾಗುತ್ತದೆ, ನಳಿಗೆ ಒಡೆಯುವುದು ಇಂಥ ಸಂದರ್ಭದಲ್ಲೇ. ಗಜ ಇಳಿಸುವಾಗ ಮುಖ, ಎದೆ ಬಾಯಿಯ ಮೇಲೆ ಬರದಂತೆ ಪಕ್ಕದಲ್ಲಿ ನಿಲ್ಲಬೇಕು. ಹಳೆಯ ಈಡು ಸಿಕ್ಕಿತೆಂದು ಕುಟ್ಟುವುದಾಗಲಿ, ಕೆರೆಯುವುದಾಗಲಿ, ಬೆಂಕಿ ತೋರಿಸುವುದಾಗಲಿ ಕೂಡದು. ಕೇಪ್ ಇದ್ದರೆ ತೆಗೆದು, ನಳಿಗೆಗೆ ನೀರು ಹಾಕಿ ಮದ್ದನ್ನು ನೆನೆಸಿ, ರಿಪೇರಿಗೆ ಪರವಾನಗಿ ಇರುವ ಕೋವಿ ಅಂಗಡಿಗೆ ಒಯ್ಯಬೇಕು. ಅಟ್ಟದಲ್ಲಿ ಸಿಗುವ ಅಜ್ಜನ ಕಾಲದ ಕೋವಿಯನ್ನು ಮೊದಲು ಗಜದಿಂದ ಅಳೆಯದೆ ಮಕ್ಕಳ ಕೈಗೆ ‘ಹಿಡ್ಕೊ, ಫೋಟೊ ತೆಗೀತೀನಿ’ ಎಂದು ಕೊಡುವುದನ್ನು ಕಂಡರೆ ತಡೆಯಿರಿ.

ಈಗ ಒರೆಸುವ ವಿಚಾರ. ತೋಟೆ ಕೋವಿಯ ಮುಂದಿನ ಮರದ ತುಂಡನ್ನು ಬಿಡಿಸಿದರೆ ನಳಿಗೆ ಕಳಚಿಕೊಂಡು ಮೂರು ಭಾಗ ಆಗುತ್ತದೆ. ನಳಿಗೆಯನ್ನು ಯಾವಾಗಲೂ ಹಿಂಬದಿಯಿಂದ ಬಾಯಿಯ ಕಡೆಗೆ ಒರೆಸಬೇಕು, ಇಲ್ಲದಿದ್ದರೆ ಕೊಳೆಯೆಲ್ಲ ತೋಟೆ ಕೂರುವ ಜಾಗಕ್ಕೆ ಬಂದು ಸೇರುತ್ತದೆ. ಮೊದಲು ಸೀಮೆಎಣ್ಣೆಯಲ್ಲೋ ಕೋವಿ ಅಂಗಡಿಯ ದ್ರಾವಣದಲ್ಲೋ ಅದ್ದಿದ ಬಟ್ಟೆ, ಹತ್ತು ನಿಮಿಷ ಬಿಟ್ಟು ಹಿತ್ತಾಳೆ ಬ್ರಶ್, ಆಮೇಲೆ ಒಣಬಟ್ಟೆ. ಬಟ್ಟೆ ಬೆಳ್ಳಗೆ ಹೊರಬರುವವರೆಗೂ ನಿಲ್ಲಿಸಬಾರದು. ತೋಟೆ ಕೂರುವ ಜಾಗದ ಮುಂದೆಯೂ ಬಾಯಿಯ ಹತ್ತಿರ ನಳಿಗೆ ಕಿರಿದಾಗುವಲ್ಲಿಯೂ ಸೀಸ ಬೂದುಗೆರೆಯಾಗಿ ಅಂಟಿರುತ್ತದೆ. ಬ್ರಶ್ಶಿನ ಜೋರು ಬೇಕಾಗುವುದು ಅಲ್ಲೇ. ಕೊನೆಗೆ ಕೋವಿ ಎಣ್ಣೆಯ ತೆಳುವಾದ ಲೇಪ. ಸೀಸದ ಕೊಳೆ ಮುಟ್ಟಿದ ಮಕ್ಕಳು ಸೋಪು ಹಾಕಿ ಕೈ ತೊಳೆಯದೆ ಅಕ್ಕಿಯ ಕಡುಬಾದ ಕಡಂಬುಟ್ಟಿಗೆ ಕೈಹಾಕಬಾರದು.

ತೆಂಗಿನೆಣ್ಣೆ ಬಳಸುವ ಮನೆಗಳಿವೆ. ಬಳಸಬೇಡಿ. ನಮ್ಮ ಡಿಸೆಂಬರಿನ ಚಳಿಗೆ ಅದು ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಅಂಟಾಗುತ್ತದೆ. ಒಳಗಿನ ಕೊಕ್ಕೆಗಳಲ್ಲಿ ಆ ಅಂಟು ಕೂತರೆ ಅವು ಪೂರ್ತಿ ಕಚ್ಚಿಕೊಳ್ಳುವುದಿಲ್ಲ. ಯಾವ ಎಣ್ಣೆಯಾದರೂ ಜಾಸ್ತಿ ಹಾಕಬಾರದು, ಇಳಿದು ಮರದ ಕುತ್ತಿಗೆಯನ್ನು ನೆನೆಸಿ ಮೆತ್ತಗೆ ಮಾಡುತ್ತದೆ. ಬಹಳ ಕೋವಿಗಳು ಸೀಳುವುದು ಅಲ್ಲಿಯೇ.

ಕೇಪಿನ ಕೋವಿಗೆ ಎಣ್ಣೆಯಷ್ಟೇ ಸಾಲದು. ಕರಿಮದ್ದಿನ ಮಸಿಯೂ ಹಳೆಯ ಬಗೆಯ ಕೇಪಿನಿಂದ ಉಳಿಯುವ ಉಪ್ಪೂ ಗಾಳಿಯ ತೇವವನ್ನು ಎಳೆದುಕೊಂಡು ಕಬ್ಬಿಣವನ್ನು ತಿನ್ನುತ್ತವೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರು ಬೇಕೇ ಬೇಕು. ನಳಿಗೆಯನ್ನು ಮರದಿಂದ ಬಿಡಿಸಿ, ತಳವನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು, ಗಜಕ್ಕೆ ಬಟ್ಟೆ ಸುತ್ತಿ ಮೇಲೆ ಕೆಳಗೆ ಎಳೆದರೆ ಕೇಪ್ ಕೂರುವ ತೂತಿನಿಂದ ನೀರು ಒಳಗೆ ಬಂದು ಹೋಗಿ ತೊಳೆಯುತ್ತದೆ. ನೀರು ತಿಳಿಯಾಗುವವರೆಗೆ ಬದಲಿಸಬೇಕು. ಚೆನ್ನಾಗಿ ಕುದಿಸಿದ ನೀರೇ ಆಗಬೇಕು, ಆಗ ಬಿಸಿಯಾದ ಕಬ್ಬಿಣ ತಾನಾಗಿ ಒಣಗುತ್ತದೆ. ಈಡು ಹೊಡೆದ ದಿನವೇ ಇದನ್ನು ಮಾಡಬೇಕು. ಮಳೆಗಾಲದ ನಮ್ಮ ಗಾಳಿಯಲ್ಲಿ ಒಂದು ರಾತ್ರಿ ಬಿಟ್ಟರೂ ತುಕ್ಕಿನ ಚುಕ್ಕೆ ಏಳುತ್ತದೆ.

ಒರೆಸಿದ ಮೇಲೆ ನಳಿಗೆಯನ್ನು ಆಕಾಶದ ಬೆಳಕಿಗೆ ಹಿಡಿದು ಒಳಗೆ ನೋಡಲು ಮಕ್ಕಳಿಗೆ ಹೇಳಬೇಕು. ಉಂಗುರದಂಥ ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿದೆ ಅಥವಾ ತಗ್ಗಾಗಿದೆ ಎಂದರ್ಥ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಮೂಲೆಯಲ್ಲಿ ನಿಲ್ಲಿಸಿದ ಕೋವಿಯ ಬಾಯಿ ಹೇಳಿಮಾಡಿಸಿದ ಜಾಗ. ಆ ಮಣ್ಣು, ಮರೆತುಹೋದ ಬಟ್ಟೆ ತುಂಡು, ಜಾರಿ ಬಿದ್ದಾಗ ಬಾಯಿಗೆ ಮೆತ್ತಿದ ಕೆಸರು ಇವುಗಳಲ್ಲಿ ಯಾವುದಾದರೂ ಒಂದು ಸಾಕು, ಮುಂದಿನ ಈಡಿಗೆ ನಳಿಗೆ ಸೀಳುತ್ತದೆ. ಎಡಗೈ ಹಿಡಿದಿರುವ ಜಾಗ ಅದಕ್ಕೆ ಹತ್ತಿರವೇ ಇರುತ್ತದೆ.

ಹತ್ತು ಹನ್ನೆರಡು ವರ್ಷಕ್ಕೆ ಏರ್ ರೈಫಲ್ ಬರುತ್ತದೆ. 4.5 ಮಿಲಿಮೀಟರಿನ, 20 ಜೌಲ್‌ಗಿಂತ ಕಡಿಮೆ ಶಕ್ತಿಯ ಏರ್ ರೈಫಲ್‌ಗೆ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಕಿಲ್ಲ. ಹಾಗೆಂದು ಅದು ಆಟಿಕೆಯಲ್ಲ, ಒಂದು ಕಣ್ಣು ತೆಗೆಯಲು ಅಷ್ಟು ಶಕ್ತಿ ಧಾರಾಳ ಸಾಕು. ನಳಿಗೆ ಮಡಚುವ ಬಗೆಯದರಲ್ಲಿ ಗುಂಡು ತುಂಬುವಾಗ ಒಂದು ಕೈ ನಳಿಗೆಯನ್ನು ಬಿಗಿಯಾಗಿ ಹಿಡಿದೇ ಇರಬೇಕು. ಒಳಗಿನ ಕೊಕ್ಕೆ ತಪ್ಪಿದರೆ ನಳಿಗೆ ಜೋರಾಗಿ ಮೇಲಕ್ಕೆ ಬಡಿದು ಬೆರಳು ಜಜ್ಜುತ್ತದೆ. ಗುಂಡಿಲ್ಲದೆ ಖಾಲಿ ಹೊಡೆಯಲೂಬಾರದು. ಸ್ಪ್ರಿಂಗಿನ ಮುಂದಿನ ಪಿಸ್ಟನ್ ತಡೆಯಿಲ್ಲದೆ ಬಡಿದು ಹಾಳಾಗುತ್ತದೆ. ಗುರಿಯ ಹಿಂದೆ ಮಣ್ಣಿನ ದಿಬ್ಬವೋ ಮರಳು ತುಂಬಿದ ಪೆಟ್ಟಿಗೆಯೋ ಇರಬೇಕು. ಗೋಡೆ, ಕಲ್ಲು, ಬಲಿತ ಮರದ ಬುಡ ಇವುಗಳಿಗೆ ಬಡಿದ ಗುಂಡು ಹೊಡೆದವರ ಕಡೆಗೇ ತಿರುಗಿ ಬರುತ್ತದೆ. ಅಳಿಲಿಗೋ ಹಕ್ಕಿಗೋ ಗುರಿ ಹಿಡಿಯುವುದನ್ನು ಈ ಹಂತದಲ್ಲೇ ನಿಲ್ಲಿಸಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಿಂದ ಇದೆ. ಬೇಟೆ ನಮ್ಮ ಹಿಂದಿನವರ ಬದುಕಿನ ಭಾಗವಾಗಿದ್ದದ್ದು ನಿಜ, ಈಗ ಅದು ಅಪರಾಧ. ಎರಡನ್ನೂ ಮಕ್ಕಳಿಗೆ ನೇರವಾಗಿ ಹೇಳಬೇಕು.

ತೋಟೆ ಕೋವಿಯ ಮೊದಲ ಈಡು ಮೈ ಬಲಿತ ಮೇಲೆಯೇ ಆಗಲಿ. ಕಾನೂನಿನಲ್ಲಿ ಲೈಸೆನ್ಸಿಗೆ 21 ವರ್ಷ ತುಂಬಬೇಕು. ಗುರಿ ಅಭ್ಯಾಸಕ್ಕೆ 12 ತುಂಬಿದವರು ದೊಡ್ಡವರ ನೇರ ನಿಗಾದಲ್ಲಿ ಹೊಡೆಯಬಹುದು. ನಿಗಾ ಎಂದರೆ ಕೈಚಾಚಿದರೆ ಕೋವಿ ಸಿಗುವಷ್ಟು ಹತ್ತಿರ, ಹೊಡೆಯುವವರ ಪಕ್ಕಕ್ಕೆ ಸ್ವಲ್ಪ ಹಿಂದೆ ನಿಲ್ಲುವುದು. ಮೊದಲ ಸಲ ಒಂದೇ ತೋಟೆ ಕೊಡಬೇಕು, ಎರಡು ಕೊಡಬಾರದು. ಮೊದಲ ಈಡಿನ ಒದೆತಕ್ಕೆ ಗಾಬರಿಯಾಗಿ ಬೆರಳು ಬಿಗಿದರೆ ಎರಡನೇ ನಳಿಗೆಯೂ ಹಾರುತ್ತದೆ. ಬಟ್ ಭುಜದ ಗುಳಿಗೆ ಗಟ್ಟಿಯಾಗಿ ಒತ್ತಿರಬೇಕು. ಮಧ್ಯೆ ಒಂದು ಬೆರಳಿನಷ್ಟು ಜಾಗ ಬಿಟ್ಟರೂ ಕೋವಿ ಹಿಂದೆ ಬಂದು ಬಡಿಯುತ್ತದೆ, ಹೆದರಿಕೆ ಹುಟ್ಟುವುದು ಆ ಪೆಟ್ಟಿನಿಂದ. ದೊಡ್ಡವರ ಅಳತೆಯ ಬಟ್ ಮಕ್ಕಳಿಗೆ ಉದ್ದ, ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊಡೆಯುವ ಅಭ್ಯಾಸ ಬೀಳಬಾರದು. ಎಡಗಾಲು ಮುಂದೆ, ಮೈಭಾರ ಸ್ವಲ್ಪ ಮುಂದಕ್ಕೆ. ಕಿವಿಗೆ ಬರೀ ಹತ್ತಿ ಸಾಲದು, ಕಿವಿ ಮುಚ್ಚುವ ಕವಚವೇ ಬೇಕು. 12 ಬೋರ್ ಅಳತೆಯ ಕೋವಿಯ ಸದ್ದು 140 ಡೆಸಿಬೆಲ್ ಮೀರುತ್ತದೆ, ಹೋದ ಕಿವಿ ವಾಪಸ್ಸು ಬರುವುದಿಲ್ಲ.

ತೋಟೆಯ ವಿಚಾರದಲ್ಲಿ ಎರಡು ಅಪಾಯಗಳನ್ನು ಹೆಸರಿಟ್ಟೇ ಹೇಳಬೇಕು. ಮೊದಲನೆಯದು 12 ಬೋರಿನದಕ್ಕಿಂತ ಸಣ್ಣದಾದ 20 ಬೋರಿನ ತೋಟೆ. ಅದು 12 ಬೋರಿನ ನಳಿಗೆಗೆ ಹಾಕಿದರೆ ಜಾರಿ ಒಳಗೆ ಹೋಗಿ ಮುಂದೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಜಾಗ ಖಾಲಿ. ಹಾರಲಿಲ್ಲವಲ್ಲ ಎಂದು 12ರ ತೋಟೆ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ. 20 ಬೋರಿನ ತೋಟೆಗಳಿಗೆ ಹಳದಿ ಬಣ್ಣ ಕೊಡುವುದು ಇದೇ ಕಾರಣಕ್ಕೆ. ಒಂದೇ ಡಬ್ಬದಲ್ಲಿ, ಒಂದೇ ಜೇಬಿನಲ್ಲಿ ಎರಡನ್ನೂ ಇಡಲೇಬಾರದು. ಎರಡನೆಯದು ಹಳೆಯ ಇಂಗ್ಲಿಷ್ ಕೋವಿಗಳು. ಅವುಗಳಲ್ಲಿ ಬಹಳಷ್ಟರ ತೋಟೆ ಕೂರುವ ಜಾಗ 65 ಮಿಲಿಮೀಟರಿನದು. ಈಗಿನ 70 ಮಿಲಿಮೀಟರಿನ ತೋಟೆ ಅದರಲ್ಲಿ ಸಲೀಸಾಗಿ ಕೂರುತ್ತದೆ, ಯಾಕೆಂದರೆ ಆ ಅಳತೆ ಹೊಡೆದ ಮೇಲೆ ಬಿಚ್ಚಿಕೊಂಡ ತೋಟೆಯದು. ಹೊಡೆದಾಗ ಮಡಿಕೆ ಪೂರ್ತಿ ಬಿಚ್ಚಲು ಜಾಗವಿಲ್ಲದೆ ಒಳಗಿನ ಒತ್ತಡ ಏರುತ್ತದೆ. ಕಬ್ಬಿಣ ಉಕ್ಕಿನ ಪಟ್ಟಿ ತಿರುಚಿ ಮಾಡಿದ, ಹೊರಮೈಯಲ್ಲಿ ಸುರುಳಿ ಸುರುಳಿ ಗೆರೆ ಕಾಣುವ ಡಮಾಸ್ಕಸ್ ನಳಿಗೆಗಳಂತೂ ಈಗಿನ ತೋಟೆಗೆ ಮಾಡಿದವಲ್ಲ. ಅಂಥ ಕೋವಿಯನ್ನು ಪೂಜೆಗಿಡಿ, ಹೊಡೆಯಬೇಡಿ.

ಖಡ್ಕಿ ಕಾರ್ಖಾನೆಯ ಶಕ್ತಿಮಾನ್ ತೋಟೆಗಳೇ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು. ಕೊಂಡ ವರ್ಷವನ್ನು ಡಬ್ಬದ ಮೇಲೆ ಬರೆದಿಡಿ. ಕಾಗದದ ತೋಟೆ ಮಳೆಗಾಲದಲ್ಲಿ ಊದಿಕೊಂಡು ಒಳಗೆ ಹೋಗುವುದಿಲ್ಲ, ಅದನ್ನು ಒತ್ತಿ ಮುಚ್ಚಲು ನೋಡಬಾರದು. ಹಿತ್ತಾಳೆಗೆ ಹಸಿರು ಕಿಲುಬು ಹಿಡಿದವನ್ನು ಬೇರೆ ತೆಗೆದಿಟ್ಟು ಅಂಗಡಿಗೆ ಒಪ್ಪಿಸಬೇಕು.

ಟ್ರಿಗರ್ ಎಳೆದಾಗ ‘ಟಿಕ್’ ಎಂದಷ್ಟೇ ಕೇಳಿದರೆ ಏನು ಮಾಡಬೇಕೆಂದು ಮೊದಲ ಈಡಿಗಿಂತ ಮುಂಚೆಯೇ ಕಲಿಸಿರಬೇಕು. ಎಲ್ಲರೂ ಸಹಜವಾಗಿ ಮಾಡುವುದು ಕೋವಿಯನ್ನು ತಕ್ಷಣ ಇಳಿಸಿ, ತಿರುಗಿ, ‘ಯಾಕೆ ಹೊಡೀಲಿಲ್ಲ?’ ಎಂದು ಕೇಳುವುದು. ಅದೇ ಅಪಾಯ. ಮದ್ದು ನಿಧಾನವಾಗಿ ಹೊತ್ತಿಕೊಂಡು ಕೆಲವು ಕ್ಷಣ ಬಿಟ್ಟು ಹಾರುವುದುಂಟು. ಬಾಯಿ ಗುರಿಯ ಕಡೆಗೇ ಇರಲಿ, 30 ಸೆಕೆಂಡ್ ಎಣಿಸಬೇಕು, ಕೇಪಿನ ಕೋವಿಯಾದರೆ ಎರಡು ನಿಮಿಷ. ಆಮೇಲೆ ಮುಖ ಪಕ್ಕಕ್ಕಿಟ್ಟು ತೆರೆದು ತೋಟೆ ತೆಗೆಯಬೇಕು. ಸದ್ದು ಎಂದಿಗಿಂತ ಮೆತ್ತಗೆ, ಪುಸ್ ಎಂದು ಬಂದಿದ್ದರೆ ಇನ್ನೂ ಎಚ್ಚರ ಬೇಕು. ಚರೆಯ ಹಿಂದಿನ ಬಿರಡೆ ನಳಿಗೆಯ ನಡುವೆ ಸಿಕ್ಕಿರಬಹುದು. ನಳಿಗೆಯೊಳಗೆ ಬೆಳಕು ಕಾಣುವವರೆಗೆ ಮುಂದಿನ ತೋಟೆ ಹಾಕಬಾರದು.

ಗುಂಡು ಎಲ್ಲಿಯವರೆಗೆ ಹೋಗುತ್ತದೆ ಎನ್ನುವುದು ಮಕ್ಕಳಿಗೆ ಅಂದಾಜಿಗೆ ಸಿಗುವ ವಿಷಯವಲ್ಲ, ಅಂಕಿಗಳಲ್ಲೇ ಹೇಳಬೇಕು. ನಾಲ್ಕನೇ ನಂಬರಿನ ಸಣ್ಣ ಚರೆ ಸುಮಾರು 250 ಮೀಟರ್ ಹೋಗಿ ಬೀಳುತ್ತದೆ. ಎಸ್‌ಜಿ, ಎಲ್‌ಜಿಯಂಥ ದಪ್ಪ ಗುಂಡು 600 ಮೀಟರ್ ದಾಟುತ್ತದೆ. ಪಾಯಿಂಟ್ 22 ರೈಫಲ್ಲಿನ ಗುಂಡು, ನೋಡಲು ಕಡಲೆಬೀಜದಷ್ಟಿದ್ದರೂ, ಎರಡು ಕಿಲೋಮೀಟರಿನ ಹತ್ತಿರ ಹೋಗುತ್ತದೆ. ಕಾಫಿ ತೋಟದ ಇಳಿಜಾರಿನಲ್ಲಿ ನಿಂತು ಎರಡು ಕಿಲೋಮೀಟರ್ ದೂರ ನೋಡಿದರೆ ಎಷ್ಟು ಲೈನುಮನೆ, ಎಷ್ಟು ದಾರಿ, ಎಷ್ಟು ಶಾಲೆ ಕಾಣುತ್ತವೆ ಎಂದು ಮಕ್ಕಳಿಂದಲೇ ಎಣಿಕೆ ಮಾಡಿಸಬೇಕು. ಅದಾದ ಮೇಲೆ ಗುರಿ ಸ್ಪರ್ಧೆಯಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ರೈಫಲ್ ಯಾಕೆ ಬಳಸಬಾರದು ಎಂದು ಬೇರೆ ವಿವರಿಸಬೇಕಾಗಿಲ್ಲ. ಮೇಲೆ ಕಟ್ಟಿದ ಕಾಯಿಗೆ ಸಣ್ಣ ಚರೆ ಮಾತ್ರ, ಅದೂ ಆ ದಿಕ್ಕಿನಲ್ಲಿ 300 ಮೀಟರ್ ಜನವಿಲ್ಲವೆಂದು ಖಚಿತವಾದ ಮೇಲೆ. ಊರಿನ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ 12 ಬೋರಿಗೆ 30 ಮೀಟರ್, ಪಾಯಿಂಟ್ 22ಕ್ಕೆ 50 ಮೀಟರ್ ದೂರ ಇಡುತ್ತಾರೆ. ಒಳ್ಳೆಯ ಆಯೋಜಕರು ಕಾಯಿಯನ್ನು ತಗ್ಗಿನಲ್ಲಿ, ಹಿಂದೆ ಎತ್ತರದ ಮಣ್ಣಿನ ಬರೆ ಇರುವಲ್ಲಿ ಕಟ್ಟುತ್ತಾರೆ, ಗೆರೆ ದಾಟುವವರೆಗೆ ಎಲ್ಲ ಕೋವಿ ತೆರೆದಿರಬೇಕೆಂದು ಹೇಳುತ್ತಾರೆ. ಹೆಣ್ಣುಮಕ್ಕಳೂ ಈಗ ಈ ಸ್ಪರ್ಧೆಗಳಲ್ಲಿ ಹೊಡೆಯುತ್ತಿದ್ದಾರೆ, ಅವರಿಗೂ ಇದೇ ಕ್ರಮದಲ್ಲಿ, ಬಟ್ಟೆ ಕತ್ತರಿಸುವುದರಿಂದ ಶುರುಮಾಡಿ ಕಲಿಸಬೇಕು.

ತೋಟದಲ್ಲಿ ನಡೆಯುವಾಗ ಕೋವಿ ಮಡಚಿಯೇ ಇರಲಿ, ತೋಟೆ ಜೇಬಿನಲ್ಲಿರಲಿ. ಬೇಲಿಯ ಉಣುಗೋಲು ದಾಟುವಾಗ, ಹಳ್ಳದ ಸಂಕ ದಾಟುವಾಗ, ಬರೆ ಹತ್ತುವಾಗ ತೋಟೆ ಹೊರಗೆ ತೆಗೆಯದೆ ಹೆಜ್ಜೆ ಇಡಬಾರದು. ಇಬ್ಬರಿದ್ದರೆ ಒಬ್ಬರು ಎರಡು ಕೋವಿ ಹಿಡಿದು ನಿಂತು, ಇನ್ನೊಬ್ಬರು ದಾಟಿದ ಮೇಲೆ ಕೊಡಬೇಕು. ಬೇಲಿಯ ಸಂದಿನಿಂದ ಬಾಯಿ ಹಿಡಿದು ಕೋವಿಯನ್ನು ತನ್ನ ಕಡೆಗೆ ಎಳೆದುಕೊಳ್ಳುವುದು ಸಾವಿಗೆ ಕೈಹಾಕಿದಂತೆ. ಟ್ರಿಗರಿಗೆ ಕಾಫಿಗಿಡದ ಒಂದು ಕಡ್ಡಿ ಸಿಕ್ಕಿದರೂ ಸಾಕು.

ಹಂದಿಯೆಂದು ತಿಳಿದು ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿ ಕೊಡಗು, ಮಲೆನಾಡಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಓದಿದಾಗಲೆಲ್ಲ ಸಂಕಟವಾಗುತ್ತದೆ. ಪ್ರತಿಯೊಂದರಲ್ಲೂ ಕಾರಣ ಹೆಚ್ಚುಕಡಿಮೆ ಅದೇ: ರಾತ್ರಿ ಹೊತ್ತು, ಅಕ್ರಮ ಬೇಟೆ, ಸದ್ದಿಗೆ ಅಥವಾ ಅಲುಗಿದ ಗಿಡಕ್ಕೆ ಹೊಡೆದ ಈಡು. ಪೂರ್ತಿ ರೂಪ ಕಾಣದೆ, ಅದರ ಹಿಂದೆ ಏನಿದೆ ಎಂದು ತಿಳಿಯದೆ ಬೆರಳು ಟ್ರಿಗರಿಗೆ ಹೋಗಬಾರದು. ತಂತಿ ಕಟ್ಟಿ ದಾರಿಗೆ ಕೋವಿ ಹೂಡುವುದಂತೂ ಕೊಲೆಗೆ ಸಮಾನ, ಅದಕ್ಕೆ ನಡೆಯುವವರು ಹಂದಿಯೋ ಕೂಲಿಗೆ ಬಂದ ಹೆಂಗಸೋ ಗೊತ್ತಾಗುವುದಿಲ್ಲ. ಆನೆ ಬಂದರೆ ಅರಣ್ಯ ಇಲಾಖೆಗೆ ಫೋನ್ ಮಾಡಬೇಕು. ಚರೆ ತಗಲಿದ ಆನೆ ಓಡುವುದು ಎತ್ತ ಎಂದು ಯಾರೂ ಹೇಳಲಾರರು. ಅದರ ಗಾಯದ ಸಿಟ್ಟನ್ನು ಅನುಭವಿಸುವವರು ಮರುದಿನ ಬೆಳಿಗ್ಗೆ ತೋಟಕ್ಕೆ ಬರುವ ಕೆಲಸದವರು.

ಗಂಡುಮಗು ಹುಟ್ಟಿದಾಗ ಒಂದು ಈಡು, ಸಾವಾದಾಗ ಎರಡು, ಸುಗ್ಗಿ ಹಬ್ಬವಾದ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಒಂದು. ಇವು ನಮ್ಮಲ್ಲಿ ಸುದ್ದಿ ಮುಟ್ಟಿಸುವ, ಗೌರವ ಸಲ್ಲಿಸುವ ಪದ್ಧತಿಗಳು. ಇವನ್ನು ಒಬ್ಬ ಅನುಭವಸ್ಥರು ಜನರಿಂದ ದೂರ ನಿಂತು ಮಾಡುತ್ತಾರೆ. ಮದುವೆಮನೆಯಲ್ಲಿ ಕುಡಿದು ಖುಷಿಗೆ ಹೊಡೆಯುವುದು ಇದಕ್ಕೆ ಸೇರಿದ್ದಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಜನ ಸೇರಿದ ಕಡೆ, ಮದುವೆ ಸಮಾರಂಭಗಳಲ್ಲಿ ನಿರ್ಲಕ್ಷ್ಯದಿಂದ ಹೀಗೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೈಲ್‌ಪೊಳ್ದ್ ದಿನವೂ ಗುರಿ ಹೊಡೆಯುವುದು ಮುಗಿದು, ಕೋವಿ ಒಳಗೆ ಸೇರಿ, ಬೀಗ ಬಿದ್ದ ಮೇಲೆಯೇ ಬಾಟಲಿ ತೆಗೆಯಬೇಕು. ಈ ಒಂದು ವಿಷಯದಲ್ಲಿ ಯಾವ ನೆಂಟಸ್ತಿಕೆಗೂ ಮಣಿಯಬಾರದು.

ಮನೆಯಲ್ಲಿ ಇಡುವ ಕ್ರಮ ಹೀಗಿರಲಿ: ಕೋವಿ ಖಾಲಿ, ಬೀಗ ಹಾಕಿದ ಕಬ್ಬಿಣದ ಬೀರುವಿನಲ್ಲಿ. ತೋಟೆ ಬೇರೆ ಕೋಣೆಯಲ್ಲಿ, ಬೇರೆ ಬೀಗದಲ್ಲಿ. ಎರಡೂ ಕೀಲಿ ಒಂದೇ ಗೊಂಚಲಿನಲ್ಲಿ ಬೇಡ. ‘ಆನೆ ಬಂದರೆ ಕೈಗೆ ಸಿಗಲಿ’ ಎಂದು ಬಾಗಿಲ ಹಿಂದೆ ತೋಟೆ ತುಂಬಿ ನಿಲ್ಲಿಸುವ ಮನೆಗೆ ಮಕ್ಕಳನ್ನು ರಜೆಗೆ ಕಳುಹಿಸಬಾರದು ಎಂದೇ ನಾನು ಹೇಳುತ್ತೇನೆ. ಚರ್ಮದ ಚೀಲದಲ್ಲಿ ಮಳೆಗಾಲ ಕಳೆಯಬಾರದು, ಚರ್ಮ ತೇವ ಹಿಡಿದು ನಳಿಗೆಗೆ ತುಕ್ಕು ಹತ್ತಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ವಾರಕ್ಕೊಮ್ಮೆ ತೆಗೆದು ಎಣ್ಣೆಬಟ್ಟೆಯಲ್ಲಿ ಒರೆಸಿಡಬೇಕು. ಬೆರಳಿನ ಬೆವರೂ ತುಕ್ಕು ತರುತ್ತದೆ, ಹಾಗಾಗಿ ಕೊನೆಗೆ ಬಟ್ಟೆಯಲ್ಲೇ ಹಿಡಿದು ಒಳಗಿಡಿ. ಮನೆಯಲ್ಲಿ ಯಾರಾದರೂ ತೀರಾ ನೊಂದು ಕುಗ್ಗಿದ್ದರೆ, ಕುಡಿತ ಹೆಚ್ಚಾಗಿದ್ದರೆ, ಆಸ್ತಿಯ ಜಗಳ ಏರಿದ್ದರೆ ಬೀಗವನ್ನೂ ನಂಬಬೇಡಿ. ಕೋವಿಯನ್ನು ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರುವ ಅಂಗಡಿಯಲ್ಲೋ ಠೇವಣಿ ಇಡಿ. ಇದರಲ್ಲಿ ಒಕ್ಕದ ಮಾನ ಹೋಗುವುದಿಲ್ಲ, ಒಂದು ಜೀವ ಉಳಿಯಬಹುದು.

ಕಾಗದಪತ್ರದ ಭಾಗವನ್ನೂ ಮಕ್ಕಳಿಗೆ ಕಲಿಸಬೇಕು, ಬಹಳ ಮನೆಗಳಲ್ಲಿ ಬಿಟ್ಟುಹೋಗುವುದು ಇದೇ. ಕೋವಿಯ ನಂಬರ್ ಎಲ್ಲಿ ಕೊರೆದಿದೆ, ಜಿಲ್ಲಾಧಿಕಾರಿ ಕಚೇರಿಯ ವಿನಾಯಿತಿ ಪತ್ರದಲ್ಲಿ ಯಾರ ಹೆಸರಿದೆ, ಎರಡೂ ಹೊಂದುತ್ತವೆಯೇ ಎಂದು ಅವರೇ ಓದಿ ನೋಡಲಿ. ತೋಟೆ ಕೊಂಡ ರಸೀದಿಗಳು ಅದೇ ಫೈಲಿನಲ್ಲಿರಲಿ. ಚುನಾವಣೆಯ ಹೊತ್ತಿನಲ್ಲಿ ಠಾಣೆಗೆ ಕೋವಿ ಒಪ್ಪಿಸಲು ಸೂಚನೆ ಬಂದರೆ ಕೊನೆಯ ದಿನದವರೆಗೆ ಕಾಯದೆ, ಒಪ್ಪಿಸುವ ಮೊದಲು ಎಣ್ಣೆ ಹಚ್ಚಿ, ಫೋಟೊ ತೆಗೆದಿಟ್ಟುಕೊಳ್ಳಬೇಕು.

ಹೆಸರಿದ್ದ ಹಿರಿಯರು ತೀರಿಕೊಂಡಾಗ ಆ ಕೋವಿ ತಾನಾಗಿ ಮಗನದೋ ಮಗಳದೋ ಆಗುವುದಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮಿನ ಪ್ರಕಾರ, ಇಟ್ಟುಕೊಳ್ಳುವ ಅಧಿಕಾರ ಇಲ್ಲದ ಕೋವಿಯನ್ನು ತಡಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ವ್ಯಾಪಾರಿಯ ಬಳಿ ಠೇವಣಿ ಇಡಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಜಮ್ಮಾ ಪಹಣಿ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಸೇರಿಸಿಟ್ಟುಕೊಂಡು, ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಮಕ್ಕಳೆಲ್ಲ ಬೆಂಗಳೂರು ಸೇರಿ, ಒಕ್ಕದ ಮೂಲಮನೆಯಾದ ಐನ್‌ಮನೆಗೆ ಬೀಗ ಬಿದ್ದು, ವರ್ಷಕ್ಕೆರಡು ಸಲ ಮಾತ್ರ ಬಾಗಿಲು ತೆರೆಯುವ ಒಕ್ಕಗಳು ಈಗ ಬಹಳ. ಅಂಥ ಖಾಲಿ ಮನೆಯಲ್ಲಿ ಕೋವಿ ಬಿಟ್ಟು ಹೋಗುವುದು ಕಳ್ಳನಿಗೆ ಕೊಟ್ಟಂತೆ. ಅಂಗಡಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಿರಿ. ರಸೀದಿಯಲ್ಲಿ ಕೋವಿಯ ತಯಾರಕರ ಹೆಸರು, ನಂಬರ್, ಬೋರು, ನಳಿಗೆಯ ಸ್ಥಿತಿ, ಜೊತೆಗೆ ಕೊಟ್ಟ ಚೀಲ ಮತ್ತು ಗಜ ಎಲ್ಲವನ್ನೂ ಬರೆಸಿ. ಕೈಲ್‌ಪೊಳ್ದ್‌ಗೆ ಬಿಡಿಸಿ ತರುವಾಗ ಅಂಗಡಿಯವರ ಮುಂದೆಯೇ ತೆರೆದು, ನಳಿಗೆಯೊಳಗೆ ನೋಡಿ, ನಂಬರ್ ಹೋಲಿಸಿ, ಆಮೇಲೆ ಸಹಿ ಹಾಕಿ. ಆ ಕೆಲಸಕ್ಕೆ ಹದಿನೈದು ತುಂಬಿದ ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಿ, ಹೋಲಿಸುವ ಕೆಲಸವನ್ನು ಅವರಿಗೇ ಒಪ್ಪಿಸಿ.